ಕ್ಷಮೆಯ ಕೆಳಗೆ ಉಳಿದುಹೋದ ಉತ್ತರ

ಜಮಖಂಡಿಯ ಕಾಕಾರ ಫೋನು ಬಂದಾಗ ನಾನು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದೆ. ಮಳೆಗಾಲ ಮುಗಿಯುತ್ತ ಬಂದಿತ್ತು. ಕಾಳಿಗೆ ಹುಳ ಸೇರುವ ಕಾಲ. ನಮ್ಮ ಜೈನರ ಮನೆಗಳಲ್ಲಿ ಈ ಕೆಲಸವನ್ನು ಅವಸರದಿಂದ ಮಾಡಿ ಎದ್ದುಬಿಡುವಂತಿಲ್ಲ. ಒಂದೊಂದೇ ಹಿಡಿ ಮೊರಕ್ಕೆ ಹಾಕಿ, ಬೆಳಕಿಗೆ ಹಿಡಿದು ನೋಡಿ, ಜೀವ ಕಂಡರೆ ಮೆಲ್ಲಗೆ ಹೊರಗೆ ಬಿಟ್ಟು ಬರಬೇಕು. ಓಣಿಯ ತುಂಬ ಮಗ್ಗದ ಖಟಖಟ ಸಪ್ಪಳ. ಕೈ ಬೇರೆ ಖಾಲಿ ಇಲ್ಲ. ಹೀಗಾಗಿ ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟೆ.

"ತಂಗಿ, ನಿನ್ನ ನಾದಿನಿ ಬಾಜೂಕ ಇಲ್ಲಲ್ಲ?" ಅಂದರು ಕಾಕಾ.

"ಇಲ್ರಿ, ಒಳಗ ಅದಾಳ. ಯಾಕ್ರಿ?"

"ಆಕಿಗೆ ಒಮ್ಮೆಲೇ ಹೇಳಬ್ಯಾಡ. ಮುಧೋಳದ ಸರ್ ಭಾಳ ಸಿಟ್ಟಾಗ್ಯಾರ. ಆಕಿ ಬರದ ಈ ಸಲದ ಸಾರದಾಗ ಅವರ ಉತ್ತರ ಒಂದ ಅಕ್ಷರ ಬಂದಿಲ್ಲ. ಬೇಕಂತನ ಬಿಟ್ಟಾಳ ಅಂತಾರ. ಇಲ್ಲಾಂದ್ರ ಆಕಿ ಕೈಲೆ ಆಗೂದಿಲ್ಲ ಅಂತಾರ. ಬೀಳಗಿಯವರು ಒಬ್ರು ಆ ಕೆಲಸ ನಾ ಮಾಡತೇನಿ ಅಂತ ಮುಂದ ಬಂದಾರ. ಬರೂ ರವಿವಾರ ಕೂಡಿ ಮಾತಾಡೂಣು ಅಂತ ಆಗೇತಿ. ಆಕಿಗೂ ಸುಮ್ನ ಯಾಕ ತ್ರಾಸ, ಹೌದಿಲ್ಲೋ?"

"ಆಕಿಗೆ ಹೇಳತೇನ್ರಿ" ಎಂದು ಫೋನು ಇಟ್ಟೆ. ಹೇಗೆ ಹೇಳಲಿ ಎಂದು ಯೋಚಿಸುವಷ್ಟರಲ್ಲಿ ಒಳಗಿನ ಕೋಣೆಯಿಂದ ಧ್ವನಿ ಬಂತು.

"ಹೇಳೂದು ಏನ ಉಳದೇತಿ ವೈನಿ? ಕಾಕಾರು ಗುಟ್ಟು ಹೇಳಿದ್ರ ಮೂರ ಓಣಿ ತನಾ ಕೇಳಸ್ತೇತಿ."

ನಗುತ್ತಲೇ ಅಂದಳು.

ನಮ್ಮ ಮನೆಯವರ ತಂಗಿ ಅವಳು. ತೀರ ಸಣ್ಣವಳಿದ್ದಾಗ ಜ್ವರ ಬಂದು ದೃಷ್ಟಿ ಹೋಯಿತು. ದೂರದೂರಿನ ಅಂಧ ಮಕ್ಕಳ ಶಾಲೆಯಲ್ಲಿದ್ದು ಓದಿ, ಡಿಗ್ರಿ ಮುಗಿಸಿ, ಈಗ ನಮ್ಮ ಬನಹಟ್ಟಿಯ ಪಕ್ಕದ ರಬಕವಿಯ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಾಳೆ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಬಸದಿಗೆ ಹೋದಾಗಲೆಲ್ಲ ಅವಳು ಒಂದು ಕಂಬಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಯಾರಾದರೂ ಶಾಸ್ತ್ರ ಓದಿದರೆ ಕೇಳಬೇಕು, ಅವರು ಪುಸ್ತಕ ಮುಚ್ಚಿದರೆ ಏಳಬೇಕು. ಮನೆಯಲ್ಲೂ ಅದೇ. ಅತ್ತೆಯವರು ಒಂದು ಪುಟ ಓದುವುದರೊಳಗೆ ಹಾಲು ಉಕ್ಕುತ್ತಿತ್ತು, ಇಲ್ಲವೇ ಯಾರೋ ಬರುತ್ತಿದ್ದರು. "ಉಳದದ್ದು ನಾಳಿ ಓದತೇನಿ ಬೇ" ಅನ್ನುತ್ತಿದ್ದರು. ಆ ನಾಳೆ ಎಷ್ಟೋ ಸಲ ಬರುತ್ತಲೇ ಇರಲಿಲ್ಲ. ಅವಳು ಯಾರಿಗೂ ಏನೂ ಅನ್ನುತ್ತಿರಲಿಲ್ಲ. ಮುಂದೇನಾಯಿತು ಎಂದು ತಾನೇ ಊಹಿಸಿಕೊಂಡು ಮಲಗುತ್ತಿದ್ದಳಂತೆ. ಇದನ್ನು ನನಗೆ ಹೇಳಿದ್ದು ಎಷ್ಟೋ ವರ್ಷಗಳ ನಂತರ.

ಆಮೇಲೆ ಕಂಪ್ಯೂಟರಿಗೆ ಬಾಯಿ ಬಂತು. ಪರದೆಯ ಮೇಲಿದ್ದುದನ್ನೆಲ್ಲ ಓದಿ ಹೇಳುವ ಸ್ಕ್ರೀನ್ ರೀಡರ್ ಅದು. ಭಗವಂತ ಯಾರ ಕೈಯಿಂದ ಮಾಡಿಸಿದನೋ, ಮಾಡಿದವರ ಹೊಟ್ಟೆ ತಣ್ಣಗಿರಲಿ. ಅವಳು ತಾನೇ ಓದತೊಡಗಿದಳು. ಯಾರ ಹಾಲೂ ಉಕ್ಕದೆ, ಯಾರನ್ನೂ ಕಾಯದೆ.

ಜಮಖಂಡಿ, ಮುಧೋಳ, ಬೀಳಗಿ, ತೇರದಾಳ, ನಮ್ಮ ರಬಕವಿ-ಬನಹಟ್ಟಿ, ಇಷ್ಟು ಊರುಗಳ ಕೆಲವು ಮನೆತನಗಳವರು ಸೇರಿ ಒಂದು ಸ್ವಾಧ್ಯಾಯ ಬಳಗ ಕಟ್ಟಿಕೊಂಡಿದ್ದಾರೆ. ಜಮಖಂಡಿಯ ಕಾಕಾರು, ಮುಧೋಳದ ಸರ್ ಅದರ ಹಿರಿಯರು. ಎಲ್ಲರೂ ಶಾಸ್ತ್ರದ ಒಂದೇ ಭಾಗ ಓದುವುದು. ಅದರ ಮೇಲೊಂದು ಪ್ರಶ್ನೆ ಬರುತ್ತದೆ. ಅವರವರಿಗೆ ತಿಳಿದ ಉತ್ತರವನ್ನು ಈಮೇಲಿನಲ್ಲಿ ಬರೆಯುವುದು. ವಾಟ್ಸಾಪಿನಲ್ಲಿ ಶುಭೋದಯದ ಹೂಗಳ ನಡುವೆ ಶಾಸ್ತ್ರ ಕಳೆದುಹೋಗುತ್ತದೆ ಎಂದು ಹಿರಿಯರು ಈಮೇಲನ್ನೇ ಗಟ್ಟಿಯಾಗಿ ಹಿಡಿದಿದ್ದರು. ಎಲ್ಲರ ಉತ್ತರಗಳನ್ನೂ ಓದಿ, ಒಬ್ಬರು ಅದರ ಸಾರ ಬರೆಯಬೇಕು. ಅದು ಅಚ್ಚಾಗಿ ಎಲ್ಲ ಊರುಗಳ ಬಸದಿಗಳಲ್ಲಿ ರವಿವಾರ ಪೂಜೆಯ ನಂತರ ಓದಲ್ಪಡುತ್ತದೆ. ಕಂಪ್ಯೂಟರ್ ಮುಟ್ಟದ ನನ್ನಂಥ ಹೆಂಗಸರೂ ಮುದುಕರೂ ಕೇಳುವುದು ಅದನ್ನೇ. ಆ ವರ್ಷ ಸಾರ ಬರೆಯುವ ಕೆಲಸ ನಾದಿನಿಗೆ ಬಂದಿತ್ತು. ಮೊದಲ ಸಲ ಅವಳು ಬರೆದದ್ದನ್ನು ಬಸದಿಯಲ್ಲಿ ಓದಿದ ದಿನ ನಾನು ಅವಳ ಪಕ್ಕದಲ್ಲೇ ಇದ್ದೆ. ಅದೇ ಕಂಬ. ಆದರೆ ಅಂದು ಅವಳು ಕಂಬಕ್ಕೆ ಒರಗಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು.

ಇಷ್ಟು ಗೊತ್ತಿದ್ದವರಿಗೆ ಆ ಫೋನು ಅವಳಿಂದ ಏನನ್ನು ಕಿತ್ತುಕೊಳ್ಳಲು ಬಂದಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ನಾನು ಮೊರ ಹಿಡಿದುಕೊಂಡೇ ಅವಳ ಕೋಣೆಗೆ ಹೋದೆ. ಅಂದು ಬ್ಯಾಂಕಿಗೆ ರಜೆ, ಕಂಪ್ಯೂಟರ್ ಮುಂದೆ ಕುಳಿತಿದ್ದಳು.

"ಸರ್ ಉತ್ತರ ನನಗ ಬಂದಿಲ್ಲ ವೈನಿ. ದೇವರಾಣಿ. ಅವರದು ಒಂದ ಕ್ಷಮಾದ ಈಮೇಲ್ ಬಂದೇತಿ ಅಷ್ಟ."

ಕ್ಷಮೆಯದು ಅಂದರೆ ಹೀಗೆ. ದಶಲಕ್ಷಣ ಪರ್ವದ ವ್ರತ, ಉಪವಾಸಗಳೆಲ್ಲ ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಳಿ ಬರುತ್ತದೆ. ವರ್ಷವಿಡೀ ತಿಳಿದೋ ತಿಳಿಯದೆಯೋ ಮಾತಿನಿಂದ, ಮನಸ್ಸಿನಿಂದ ನೋಯಿಸಿದ್ದರೆ ಕ್ಷಮಿಸಿ ಎಂದು ಒಬ್ಬರನ್ನೊಬ್ಬರು ಕೈಮುಗಿದು ಕೇಳುವ ದಿನ. ಮೊದಲೆಲ್ಲ ಮನೆಮನೆಗೆ ಹೋಗುತ್ತಿದ್ದೆವು. ಈಗ ಬಳಗದವರು ಅದನ್ನು ಈಮೇಲಿನಲ್ಲೂ ಕೇಳುತ್ತಾರೆ. ಆ ಸಲ ಬಳಗದ ಪ್ರಶ್ನೆ ಬಂದದ್ದೂ ಅದೇ ವಾರ. ಪ್ರಶ್ನೆಯ ಈಮೇಲ್ ಎಲ್ಲರ ಕೈಗೆ ಸಿಗುವಂತೆ ಮೇಲೇ ಇತ್ತು. ಎಲ್ಲರೂ ಅದಕ್ಕೇ ಉತ್ತರದ ಗುಂಡಿ ಒತ್ತಿ ಕ್ಷಮೆ ಕೇಳಿದ್ದರು. ಒಬ್ಬರು ಕೇಳಿದರೆ ಉಳಿದವರು ಸುಮ್ಮನಿರುವುದು ಹೇಗೆ? ಕ್ಷಮೆಗೆ ಕ್ಷಮೆ, ಅದಕ್ಕೆ ಮತ್ತೆ ಕ್ಷಮೆ. ನಿಜವಾದ ಉತ್ತರಗಳು ನಡುನಡುವೆ ಬಂದಿದ್ದವು. ಎಲ್ಲಕ್ಕೂ ತಲೆಬರಹ ಒಂದೇ.

"ಆ ಕ್ಷಮಾದ್ದ ತಗಿ, ನಾ ನೋಡತೇನಿ" ಅಂದೆ.

ಕನ್ನಡಕ ಹಾಕಿಕೊಂಡು ಬಾಗಿದೆ. ಮೇಲೆ ಶ್ರೀ ವೀತರಾಗಾಯ ನಮಃ ಎಂದು ಎರಡೂ ಕಡೆ ಜೋಡಿ ಗೀಟು ಹಾಕಿ ಬರೆದಿತ್ತು. ಕೆಳಗೆ ಕಮಲದ ಚಿತ್ರಗಳ ಸಾಲು, ಕೈಮುಗಿದ ಚಿತ್ರಗಳ ಸಾಲು. ಜೈ ಜಿನೇಂದ್ರ. ಕ್ಷಮೆಯ ಒಂದು ಮಾತು. ಅಲ್ಲಿಂದ ಕೆಳಗೆ ಹಳೆಯ ಈಮೇಲ್‌ಗಳ ದೊಡ್ಡ ಗಂಟು. ನಾನು ಬೆರಳಿನಿಂದ ಸರಸರ ಜಾರಿಸುತ್ತ ಹೋದೆ. ಎಲ್ಲಕ್ಕಿಂತ ಕೆಳಗೆ, ನಮ್ಮ ಭಾಗದಲ್ಲಿ ಚಾತುರ್ಮಾಸಕ್ಕೆ ನಿಂತಿದ್ದ ಮುನಿ ಮಹಾರಾಜರ ಪ್ರವಚನವನ್ನು ಪ್ರಶ್ನೆಯ ಜೊತೆಗೆ ಯಾರೋ ಟೈಪು ಮಾಡಿ ಕಳಿಸಿದ್ದು ಇತ್ತು. ಅದರ ಅಡಿಯಲ್ಲಿ ಸರ್ ಬರೆದ ಉತ್ತರ, ದೊಡ್ಡದಾಗಿ, ವಿವರವಾಗಿ ಕೂತಿತ್ತು.

"ಇಲ್ಲೇ ಐತಲ್ಲ ಬೇ!" ಅಂದೆ. "ತಳದಾಗ. ಎಷ್ಟ ಛಂದ ಬರದಾರ."

ಅವಳ ಕೈ ಗುಂಡಿಗಳ ಮೇಲೆ ಹಾಗೇ ನಿಂತಿತು. "ಮಹಾರಾಜರ ಪ್ರವಚನದ ಕೆಳಗೇನ್ರಿ?"

"ಹೌದು. ನಿನಗ ಯಾಕ ಸಿಗಲಿಲ್ಲ? ನನಗ ಒಂದ ಚಣದಾಗ ಸಿಕ್ತಲ್ಲ."

"ನಿಮಗ ಕಣ್ಣಿಗೆ ಸಿಕ್ತು ವೈನಿ. ನನಗ ಹ್ಯಾಂಗ ಬರತೇತಿ ಅಂತ ಕೇಳಸ್ತೇನಿ, ಕುಂದರ್ರಿ."

ಇಷ್ಟು ವರ್ಷ ಆ ಕೋಣೆಯ ಬಾಗಿಲ ಮುಂದೆ ಓಡಾಡಿದ್ದೇನೆ. ಒಳಗಿನಿಂದ ಬರುವ ಆ ಕಿಚಪಿಚ ಸಪ್ಪಳ ನನಗೆ ಮಗ್ಗದ ಸಪ್ಪಳದಂತೆ ರೂಢಿಯಾಗಿತ್ತು. ಅದನ್ನು ಕಿವಿಗೊಟ್ಟು ಕೇಳಿದ್ದು ಅದೇ ಮೊದಲು. ಅವಳು ಗುಂಡಿ ಒತ್ತಿದಳು. ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ ಚಟಪಟ ಚಟಪಟ ಏನೋ ಹಾರಿಹೋಯಿತು. ಅದು ಕನ್ನಡವೋ ಯಾವ ಭಾಷೆಯೋ ನನಗೆ ತಿಳಿಯಲಿಲ್ಲ.

"ಏನಂತು?"

"ಜಮಖಂಡಿ ಕಾಕಾರು ಎಲ್ಲಾರ್ನೂ ಕ್ಷಮಾ ಕೇಳ್ಯಾರ. ಅವರ ಮಗಳ ಮನ್ಯಾಗಿನವರ ಪರವಾಗಿನೂ ಕೇಳ್ಯಾರ."

"ಇಷ್ಟೆಲ್ಲಾ ಅಂತೇನ? ಇಷ್ಟ ಜಲ್ದಿ ನಿನಗ ತಿಳೀತೇತಿ?"

"ಇದಕ್ಕಿಂತ ಹಗೂರಕ ಇಟ್ರ ನಿದ್ದಿ ಬರತೇತ್ರಿ" ಎಂದು ನಕ್ಕಳು.

ನಾವು ನೋಡಿ ಅಯ್ಯೋ ಅನ್ನುವ ಆ ಹುಡುಗಿಯ ಕಿವಿಯೊಳಗೆ ಭಗವಂತ ಇಂಥದೊಂದು ಓಟ ಇಟ್ಟಿದ್ದಾನೆ. ಒಂದೇ ಸೂರಿನ ಕೆಳಗೆ ಇಷ್ಟು ವರ್ಷ ಅದು ಓಡುತ್ತಲೇ ಇತ್ತು.

ನನಗಾಗಿ ಧ್ವನಿಯನ್ನು ನಿಧಾನ ಮಾಡಿ, ಸರ್ ಈಮೇಲನ್ನು ಮೊದಲಿನಿಂದ ಹಚ್ಚಿದಳು. ತಲೆಬರಹಕ್ಕಿಂತ ಮುಂಚೆಯೇ ಆರಿ, ಆರಿ, ಆರಿ ಎಂದು ಯಂತ್ರ ತೊದಲಿತು. ಇಂಗ್ಲಿಷಿನ ಆರ್, ಇ ಎಂಬ ಎರಡಕ್ಷರವಂತೆ ಅದು, ಪ್ರತಿ ಸಲ ಉತ್ತರದ ಗುಂಡಿ ಒತ್ತಿದಾಗ ಒಂದೊಂದು ಸೇರಿಕೊಂಡದ್ದಂತೆ. ಆಮೇಲೆ ಗೀಟು ಗೀಟು ಶ್ರೀ ವೀತರಾಗಾಯ ನಮಃ ಗೀಟು ಗೀಟು. ಕಮಲ, ಕಮಲ, ಕಮಲ, ಕಮಲ. ಕೂಡಿಸಿದ ಕೈಗಳು, ಕೂಡಿಸಿದ ಕೈಗಳು, ಕೂಡಿಸಿದ ಕೈಗಳು. ಆಮೇಲೆ ಸರ್ ಹೆಸರು, ಅವರ ಪದವಿಗಳು, ನಿವೃತ್ತರು, ಮಾಜಿ ಅಧ್ಯಕ್ಷರು, ಮಾಜಿ ಉಪಾಧ್ಯಕ್ಷರು, ಮನೆಯ ವಿಳಾಸ. ಅಲ್ಲಿಂದ ಬೀಳಗಿಯವರ ಹಳೆಯ ಈಮೇಲ್. ಅದಕ್ಕೂ ಅದೇ ಗೀಟು, ಅದೇ ಕಮಲ. ಪ್ರತಿ ಸಾಲಿನ ಮುಂದೆ ಗ್ರೇಟರ್ ಎಂಬ ಒಂದು ಪದ. ಹಳೆಯ ಸಾಲುಗಳ ಮುಂದೆ ತಾನಾಗಿ ಬೀಳುವ ಬಾಣದಂಥ ಗುರುತನ್ನು ಯಂತ್ರ ಹಾಗೆ ಓದುತ್ತದಂತೆ. ಒಳಗೆ ಹೋದಷ್ಟೂ ಗ್ರೇಟರ್ ಗ್ರೇಟರ್, ಗ್ರೇಟರ್ ಗ್ರೇಟರ್ ಗ್ರೇಟರ್. ಬೀಳಗಿಯವರ ಕೆಳಗೆ ತೇರದಾಳದ ಅಜ್ಜಿಯವರು, ಅವರ ಕೆಳಗೆ ಕಾಕಾರು.

ನಾನು ಮೊರ ತೊಡೆಯ ಮೇಲಿಟ್ಟುಕೊಂಡು ಕೇಳುತ್ತಲೇ ಇದ್ದೆ. ನನ್ನ ಕಣ್ಣು ಒಂದು ಕ್ಷಣದಲ್ಲಿ ದಾಟಿದ್ದನ್ನು ಕಿವಿ ದಾಟಲಾರದು. ಕಣ್ಣಿಗೆ ಹೂವಿನ ಸಾಲು ಕಂಡರೆ ಅಲಂಕಾರ ಎಂದು ಬಿಟ್ಟು ಮುಂದೆ ಹೋಗುತ್ತದೆ. ಕಿವಿ ಪಾಪ ಒಂದೊಂದೇ ಹೂವನ್ನು ಮುಟ್ಟಿ ಮುಟ್ಟಿ ಹೋಗಬೇಕು. ಮಹಾರಾಜರ ಪ್ರವಚನ ಇನ್ನೂ ಶುರುವಾಗಿರಲಿಲ್ಲ, ನನ್ನ ತಾಳ್ಮೆ ಮುಗಿದಿತ್ತು.

"ಸಾಕು ನಿಲ್ಲಸ ಬೇ. ದಿನಾ ಇಷ್ಟೂ ಕೇಳತೀಯೇನ?"

"ಎಲ್ಲಾ ಕೇಳಾಕ ಆಗೂದಿಲ್ರಿ. ಮ್ಯಾಲ ಹೊಸಾ ಮಾತು ಇರತೇತಿ, ಅದನ್ನ ಕೇಳತೇನಿ. ಗ್ರೇಟರ್ ಶುರು ಆತಂದ್ರ ಹಳೇದು ಅಂತ ಮುಂದಿನ ಈಮೇಲಿಗೆ ಹೊಕ್ಕೇನಿ. ಸರ್ ಎಲ್ಲಾ ಹಳೇದರ ಕೆಳಗ ಹೋಗಿ ಕುಂತಾರ. ಅಲ್ಲಿ ಯಾಕ ಕುಂತ್ರೋ ಏನೋ."

ಮಧ್ಯಾಹ್ನ ಊಟಕ್ಕೆ ಬಂದ ನಮ್ಮ ಮನೆಯವರಿಗೆ ಹೇಳಿದೆವು. "ಫೋನ ಮಾಡಿ ಹಿಂಗಿಂಗ ಅಂತ ಹೇಳಿದ್ರ ಮುಗೀತಲ್ಲ" ಅಂದರು.

"ಫೋನಿನ್ಯಾಗ ಹೇಳಿದ್ರ ನೆವಾ ಹೇಳತಾಳ ಅಂತಾರಣ್ಣಾ" ಅಂದಳು ತಂಗಿ. "ಕ್ಷಮಾವಳಿ ಆಗಿ ಇನ್ನೂ ಭಾಳ ದಿನ ಆಗಿಲ್ಲ. ಮನಿಗೇ ಹೋಗಿ ಕ್ಷಮಾ ಕೇಳತೇನಿ. ಕಂಪ್ಯೂಟರನೂ ಒಯ್ತೇನಿ."

"ಯುದ್ಧಕ್ಕ ಹೊಂಟಾಳ ನೋಡು" ಎಂದು ಅವರು ನಕ್ಕರು. ಆದರೆ ಬಸ್ಸಿನ ತನಕ ಚೀಲ ಹಿಡಿದುಕೊಂಡು ಬಂದವರೂ ಅವರೇ.

ಮಹಾಲಿಂಗಪುರದಲ್ಲಿ ಬಸ್ಸು ಬದಲಿಸಿ ಮುಧೋಳಕ್ಕೆ ಹೋದೆವು. ಎರಡೂ ಕಡೆ ಕಬ್ಬು ಆಳೆತ್ತರ ನಿಂತಿತ್ತು. ದಾರಿಯಲ್ಲಿ ಅವಳು ಒಂದು ಸಲ, "ವೈನಿ, ಅವರು ಕೇಳಾಕ ಒಪ್ಪದಿದ್ರ?" ಅಂದಳು. "ಒಪ್ಪತಾರ ಬಿಡು" ಅಂದೆ. ನನಗೇನೂ ಭರವಸೆ ಇರಲಿಲ್ಲ. ಣಮೋಕಾರ ಮಂತ್ರ ಹೇಳಿಕೊಳ್ಳುತ್ತ ಕೂತೆ.

ಸರ್ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಬಾಗಿಲು ತೆಗೆದದ್ದು ಅವರ ಹೆಂಡತಿ. ನಾವು ಕಾಕು ಅನ್ನುತ್ತೇವೆ. "ಬರ್ರಿ ಯವ್ವಾ ಬರ್ರಿ" ಎಂದು ಒಳಗೆ ಕರೆದು, ದನಿ ತಗ್ಗಿಸಿ, "ಮುಂಜಾನಿಯಿಂದ ಪೇಪರಿನ ಒಂದ ಪುಟಾ ಹಿಡಕೊಂಡ ಕುಂತಾರ. ಸಿಟ್ಟು ಇನ್ನೂ ಇಳದಿಲ್ಲ" ಅಂದರು.

ಸರ್ ಪೇಪರು ಇಳಿಸಲಿಲ್ಲ. ನಾದಿನಿ ಅವರ ಕೆಮ್ಮು ಬಂದ ಕಡೆಗೆ ತಿರುಗಿ ಕೈಮುಗಿದಳು.

"ಕ್ಷಮಾ ಕೇಳಾಕ ಬಂದೇನ್ರಿ ಸರ್."

"ಕ್ಷಮಾ ಈಮೇಲಿನ್ಯಾಗನ ಕೊಟ್ಟೇನಲ್ಲವಾ."

"ಕೊಟ್ಟೀರ್ರಿ. ಅದು ನನಗ ಈಗ ಬಾಯಿಪಾಠ ಆಗೇತಿ. ನಿಮ್ಮ ಉತ್ತರ ಅಷ್ಟ ಸಿಗಲಿಲ್ಲ. ಇವತ್ತ ವೈನಿ ಹುಡುಕಿ ಕೊಟ್ರು."

ಪೇಪರು ಸ್ವಲ್ಪ ಇಳಿಯಿತು. "ಹುಡುಕೂದು ಏನೈತಿ? ಎಲ್ಲಾರಿಗೂ ಕಂಡೇತಿ."

"ಅದಕ್ಕ ಬಂದೇನ್ರಿ. ನಿಮ್ಮ ಈಮೇಲ್ ನನಗ ಹ್ಯಾಂಗ ಕೇಳಸ್ತೇತಿ ಅಂತ ನೀವೂ ಒಮ್ಮೆ ಕೇಳ್ರಿ. ಆಮ್ಯಾಲ ನೀವು ಬಿಡು ಅಂದ್ರ ಬಿಡತೇನಿ."

ಕಂಪ್ಯೂಟರನ್ನು ಮೇಜಿನ ಮೇಲಿಟ್ಟು ನಿಧಾನದ ಧ್ವನಿಯಲ್ಲಿ ಹಚ್ಚಿದಳು. ಆರಿ ಆರಿ ಬಂತು, ಗೀಟು ಬಂತು, ಕಮಲಗಳು ಒಂದೊಂದಾಗಿ ಬಂದವು. ಕೂಡಿಸಿದ ಕೈಗಳು ಬಂದಾಗ ಕಾಕು ಸೆರಗು ಬಾಯಿಗೆ ಹಿಡಿದುಕೊಂಡರು. ಸರ್ ಪದವಿಗಳು, ಮಾಜಿ ಅಧ್ಯಕ್ಷತೆಗಳು ಶುರುವಾದಾಗ ಅವರಿಂದ ತಡೆಯಲಾಗಲಿಲ್ಲ.

"ಯಪ್ಪಾ, ಒಂದ ಹೆಸರಿಗೆ ಎಷ್ಟ ಬಾಲಾ ಹಚ್ಚೀರ್ರಿ!"

"ನೀ ಒಳಗ ಹೋಗಿ ಚಾ ಇಡು" ಅಂದರು ಸರ್. ಕಾಕು ಹೋಗಲಿಲ್ಲ.

ಗ್ರೇಟರ್ ಶುರುವಾಯಿತು. ಸರ್ ಪೇಪರನ್ನು ಮಡಿಸಿ ಪಕ್ಕಕ್ಕಿಟ್ಟರು. ಬೀಳಗಿ ಮುಗಿದು ತೇರದಾಳ ಬಂದಾಗ, "ಇದರ ಮುಂದ ನಂದು ಬರತೇತೇನು?" ಅಂದರು. "ಇನ್ನೂ ದೂರ ಐತ್ರಿ" ಅಂದಳು. ಕಾಕಾರ ಮಗಳ ಮನೆಯವರ ಕ್ಷಮೆ ಮುಗಿಯಿತು. ಸರ್ ಎದ್ದು ಕಿಟಕಿಯ ತನಕ ಹೋಗಿ ತಿರುಗಿ ಬಂದು ಕೂತರು. ಕೊನೆಗೆ ಮಹಾರಾಜರ ಪ್ರವಚನ ಬಂತು. ಸರ್ ತಟ್ಟನೆ ಬೆನ್ನು ನೆಟ್ಟಗೆ ಮಾಡಿ ಕೈ ಮುಗಿದುಕೊಂಡರು, ಮಹಾರಾಜರೇ ಮುಂದೆ ಕೂತಂತೆ. ಪ್ರವಚನ ಮುಗಿಯುವ ತನಕ ಕೈ ಬಿಡಲಿಲ್ಲ. ಅದಾದ ಮೇಲೆ ಅವರ ಉತ್ತರದ ಮೊದಲ ಮಾತು ಬಂತು. ನಾದಿನಿ ಅಲ್ಲಿಗೆ ನಿಲ್ಲಿಸಿದಳು.

"ಸರ್, ಒಂದ ಕೇಳಲೇನ್ರಿ?" ಅಂದಳು. "ಅಷ್ಟ ಕೆಳಗ ಯಾಕ ಬರದ್ರಿ? ಉಳಿದವ್ರು ಎಲ್ಲಾರೂ ಮ್ಯಾಲ ಬರೀತಾರ."

ಸರ್, ನಾನು ಅವರಿಂದ ಎಂದೂ ಕೇಳದ ಸಣ್ಣ ದನಿಯಲ್ಲಿ ಹೇಳಿದರು.

"ಮಹಾರಾಜರ ಮಾತು ಅದರಾಗ ಇತ್ತವಾ. ಅವರ ಮಾತಿನ ಮ್ಯಾಲ ನನ್ನ ಮಾತು ಹ್ಯಾಂಗ ಇಡ್ಲಿ? ಕ್ಷಮಾ ಕೇಳೂದು ಮ್ಯಾಲ ಇದ್ರ ನಡೀತೇತಿ. ಶಾಸ್ತ್ರಕ್ಕ ಉತ್ತರ ಬರಿಯೂ ಮುಂದ ನನ್ನ ಜಾಗಾ ಅವರ ಪಾದದ ಕೆಳಗ."

ನಾದಿನಿಯ ಮುಖ ನೋಡಿದೆ. ಅವಳು ಇದನ್ನು ನಿರೀಕ್ಷಿಸಿರಲಿಲ್ಲ. ನಾನೂ ನಿರೀಕ್ಷಿಸಿರಲಿಲ್ಲ. ಅವಳನ್ನು ಕೆಲಸದಿಂದ ಬಿಡಿಸಲು ಹೊರಟ ಆ ತಪ್ಪು ಹುಟ್ಟಿದ್ದು ಸೊಕ್ಕಿನಿಂದಲ್ಲ, ಅಸಡ್ಡೆಯಿಂದಲೂ ಅಲ್ಲ. ಒಬ್ಬ ಹಿರಿಯರು ತಮ್ಮನ್ನು ತಾವು ಎಲ್ಲರಿಗಿಂತ ಕೆಳಗೆ ಕೂರಿಸಿಕೊಂಡಿದ್ದರಿಂದ. ಜಗತ್ತಿನಲ್ಲಿ ಬೇರೆ ಎಲ್ಲಿಯಾದರೂ ಈಮೇಲ್ ಹೀಗೆ ಕಳೆದುಹೋಗುತ್ತದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.

ನಾದಿನಿ ಬಹಳ ಮೆಲ್ಲಗೆ ಮಾತಾಡಿದಳು. "ಸರ್, ಬಸದ್ಯಾಗ ಒಬ್ರು ಶಾಸ್ತ್ರ ಓದತಾರ. ಆಮ್ಯಾಲ ಒಬ್ಬೊಬ್ರ ಎದ್ದು ತಮಗ ತಿಳಿದ ಅರ್ಥ ಹೇಳತಾರ. ಎದ್ದವ್ರು ಎಲ್ಲಾರೂ ಮತ್ತ ಮೊದಲಿಂದ ಶಾಸ್ತ್ರ ಓದತಾರೇನ್ರಿ?"

"ಇಲ್ಲ."

"ಯಾಕ ಓದೂದಿಲ್ಲ? ಎಲ್ಲಾರೂ ಕೇಳ್ಯಾರ ಅಂತ. ಇಲ್ಲೂ ಹಂಗರಿ. ಮಹಾರಾಜರ ಪ್ರವಚನ ನನ್ನ ಹಂತ್ಯಾಕ ಬ್ಯಾರೇನ ಐತಿ, ಜೋಪಾನ ಇಟಗೊಂಡೇನಿ. ನೀವು ಉತ್ತರ ಬರಿಯೂ ಮುಂದ ಅದನ್ನ ಕೆಳಗ ತರಬ್ಯಾಡ್ರಿ. ಕಾಗದದಾಗ ನಿಮ್ಮ ಮಾತು ಒಂದ ಇದ್ರ, ಮ್ಯಾಲ ಯಾರು, ಕೆಳಗ ಯಾರು ಅನ್ನೂದ ಇರೂದಿಲ್ಲ."

ಸರ್ ಕಾಕುವಿನ ಕಡೆ ನೋಡಿ, "ಇನ್ನೂ ಚಾ ಇಟ್ಟಿಲ್ಲೇನ?" ಅಂದರು. ಚಾ ಕುಡಿಯುವಾಗಲೂ ಆ ಮಾತು ಎತ್ತಲಿಲ್ಲ. ಹೊರಡುವಾಗ ನಾದಿನಿ ಮತ್ತೊಮ್ಮೆ ಕೈಮುಗಿದಳು. ಅವರೂ ಮುಗಿದರು. ಅವಳಿಗೆ ಅದು ಕಾಣಲಿಲ್ಲ. "ಸರ್ ಕೈ ಮುಗದ್ರು ಬೇ" ಎಂದು ನಾನು ಬಸ್‌ಸ್ಟ್ಯಾಂಡಿನಲ್ಲಿ ಹೇಳಿದೆ.

"ಒಪ್ಪಿ ಮುಗದ್ರೋ, ಹೋಗಿ ಬರ್ರಿ ಅಂತ ಮುಗದ್ರೋ?" ಅಂದಳು. ಅದು ನನಗೆ ತಿಳಿದಿರಲಿಲ್ಲ.

ಮರುದಿನ ಏನೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವಳು ಬ್ಯಾಂಕಿನಿಂದ ಬಂದವಳೇ ಚಪ್ಪಲಿ ಬಿಟ್ಟು ನೆಟ್ಟಗೆ ಕೋಣೆಗೆ ಹೋಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಸುಮ್ಮನೆ ಹೊರಗೆ ಬಂದು ನನ್ನ ಜೊತೆ ಕೂರುತ್ತಿದ್ದಳು. ನಾನು ಕೇಳುತ್ತಿರಲಿಲ್ಲ. ಕೇಳಿದರೆ ಅವಳು ಇಲ್ಲ ಅನ್ನಬೇಕಾಗುತ್ತದಲ್ಲ. ಆ ಇಲ್ಲವನ್ನು ಅವಳ ಬಾಯಿಂದ ಹೊರಡಿಸಬಾರದು ಎಂದು ಮುಂಜಾನೆ ಬಸದಿಯಲ್ಲಿ ಒಂದು ಹೆಚ್ಚಿನ ಜಪ ಮಾಡಿ ಬರುತ್ತಿದ್ದೆ.

ಮೂರನೆಯ ದಿನ ಸಂಜೆ ನಾನು ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಒಳಗಿನಿಂದ ಕೂಗಿದಳು.

"ವೈನಿ! ಜಲ್ದಿ ಬರ್ರಿ! ಸರ್ ಬರದಾರ!"

ಹೆಗಲ ಮೇಲೆ ಬಟ್ಟೆ ಹಾಕಿಕೊಂಡೇ ಓಡಿದೆ. ಅವಳು ಧ್ವನಿ ನಿಧಾನ ಮಾಡಿದ್ದಳು. ಯಂತ್ರ ತೊದಲಲಿಲ್ಲ. ಉತ್ತರ ಎಂಬ ಪದ, ಈ ಸಲದ ಪ್ರಶ್ನೆಯ ವಿಷಯ, ಅಷ್ಟೇ ತಲೆಬರಹ. ಅದರ ಬೆನ್ನಿಗೇ ಸರ್ ಉತ್ತರದ ಮೊದಲ ಮಾತು. ಗೀಟಿಲ್ಲ, ಕಮಲವಿಲ್ಲ, ಪದವಿಗಳಿಲ್ಲ. ಉತ್ತರ ಮುಗಿದ ಮೇಲೆ ಒಂದೇ ಒಂದು ಜೈ ಜಿನೇಂದ್ರ, ಹೆಸರು. ಮೌನ. ಆ ಮೌನ ನನಗೆ ಎಷ್ಟು ದೊಡ್ಡದು ಅನಿಸಿತೆಂದರೆ, ಕಂಪ್ಯೂಟರ್ ಕೆಟ್ಟಿತೇನೋ ಎಂದು ನೋಡಿದೆ.

"ಇನ್ನೊಂದ ಐತಿ, ಎಲ್ಲಾರಿಗೂ ಬರದದ್ದು" ಎಂದು ಅದನ್ನೂ ಹಚ್ಚಿದಳು.

ಸರ್ ಬಳಗದವರಿಗೆ ಬರೆದದ್ದರ ತಿರುಳು ಇಷ್ಟು. ನನ್ನ ಉತ್ತರವನ್ನು ಸಾರ ಬರೆಯುವವರು ಬಿಟ್ಟಿರಲಿಲ್ಲ. ಅವರ ಕೈಗೆ ಸಿಗದ ಜಾಗದಲ್ಲಿ ನಾನೇ ಇಟ್ಟಿದ್ದೆ. ಇನ್ನು ಮುಂದೆ ಉತ್ತರವನ್ನು ಮೊದಲ ಸಾಲಿನಿಂದಲೇ ಬರೆಯೋಣ. ಹಳೆಯ ಈಮೇಲ್‌ಗಳನ್ನು ಅಳಿಸಿ ಕಳಿಸೋಣ. ಪ್ರಶ್ನೆಯ ಉತ್ತರಕ್ಕೆ ಉತ್ತರ ಎಂದು, ಕ್ಷಮೆಗೆ ಕ್ಷಮೆ ಎಂದು ತಲೆಬರಹವನ್ನೇ ಬೇರೆ ಮಾಡೋಣ. ಚಿತ್ರ ಕಳಿಸುವುದಿದ್ದರೆ ಅದರಲ್ಲಿ ಏನಿದೆ ಎಂದು ಒಂದು ಮಾತು ಬರೆಯೋಣ. ತಲೆಬರಹ ಬೇರೆ ಮಾಡುವ ಮಾತನ್ನೂ ಚಿತ್ರದ ಮಾತನ್ನೂ ನಾದಿನಿ ಅವರಿಗೆ ಹೇಳಿರಲಿಲ್ಲ. ಅವರು ಕೂತು ತಾವೇ ಯೋಚಿಸಿದ್ದರು. ಈ ವರ್ಷ ಮುಗಿಯುವ ತನಕ ಸಾರ ಬನಹಟ್ಟಿಯಿಂದಲೇ ಬರಲಿ ಎಂದು ಕೊನೆಗೆ ಬರೆದಿದ್ದರು.

ನಾದಿನಿ ಮೇಜಿನ ಅಂಚು ಹಿಡಿದುಕೊಂಡು ಕೂತಿದ್ದಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟೆ.

ಅಷ್ಟರಲ್ಲಿ ಟಿಣ್ ಎಂದು ಮತ್ತೊಂದು ಬಂತು. ಬೀಳಗಿಯವರದು. ಆಗಲಿ, ಎಲ್ಲರೂ ಹಾಗೇ ಮಾಡೋಣ ಎಂದು ಬರೆದಿದ್ದರು. ಅದರ ಕೆಳಗೆ ಮೊದಲಿನಿಂದ ಕೊನೆಯ ತನಕ ಎಲ್ಲ ಹಳೆಯ ಈಮೇಲ್, ಮೇಲೆ ಕಮಲಗಳ ತೋರಣ! ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪಾಪ, ಕಲಿಯಲು ಅವರಿಗೂ ದಿನ ಬೇಕಲ್ಲ.

ಆಮೇಲೆ ಉಳಿದವರೂ ಉತ್ತರಗಳನ್ನು ಹೊಸದಾಗಿ ಕಳಿಸತೊಡಗಿದರು, ಅವು ಒಂದೊಂದಾಗಿ ಹಗುರಾಗುತ್ತ ಬಂದವು. ನನಗೊಂದು ಅಳುಕಿತ್ತು. ನಾವು ದೇವರ ಹೆಸರಿಲ್ಲದೆ ಮದುವೆ ಕಾಗದ ಇರಲಿ, ಕಿರಾಣಿ ಚೀಟಿಯನ್ನೂ ಬರೆಯುವವರಲ್ಲ. ಹಿರಿಯರಿಗೆ ಇದು ಮನಸ್ಸಿಗೆ ಹಿಡಿಸದಿದ್ದರೆ? ಯಾರಾದರೂ ಅಪಚಾರ ಎಂದರೆ? ಒಬ್ಬರೂ ಅನ್ನಲಿಲ್ಲ. ತೇರದಾಳದ ಅಜ್ಜಿಯವರ ಉತ್ತರ ಬಂದಾಗ ಮಾತ್ರ ನಾದಿನಿ ಅದನ್ನು ನನಗೆ ಎರಡು ಸಲ ಕೇಳಿಸಿದಳು. ಮೊಮ್ಮಗಳ ಕೈಯಿಂದ ಬರೆಸುವವರು ಅವರು. ಉತ್ತರ ಮುಗಿದ ಮೇಲೆ ಇಷ್ಟು ಬರೆಸಿದ್ದರು: ಭಗವಂತನ ಹೆಸರನ್ನು ಕಾಗದದ ಮೇಲೆ ಬರೆದಿಲ್ಲ ತಂಗಿ, ಬರೆಸುವ ಮೊದಲು ಬಾಯಿಂದ ಹೇಳಿದ್ದೇನೆ, ನೀನೂ ಓದುವ ಮೊದಲು ಹೇಳಿಕೋ.

ಕಣ್ಣೊರೆಸಿಕೊಳ್ಳಲು ಹೆಗಲ ಮೇಲೆ ಬಟ್ಟೆಯ ರಾಶಿಯೇ ಇತ್ತು. ಅವಳೊಬ್ಬಳ ಕಿವಿಗಾಗಿ ನಾಲ್ಕಾರು ಊರುಗಳ ಹಿರಿಯರು ಹುಟ್ಟಿದಾಗಿನಿಂದ ಬಂದ ರೂಢಿಯನ್ನು ಕಾಗದದಿಂದ ತೆಗೆದು ಬಾಯಿಗೆ ಇಟ್ಟುಕೊಂಡರು. ಪ್ರವಚನದಲ್ಲಿ ಕರುಣೆ ಎಂಬ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಅದು ಈಮೇಲಿನಲ್ಲಿ, ಇಲ್ಲದ ಸಾಲುಗಳಾಗಿ ಬರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಫೋನು ಬಂತು. ಜಮಖಂಡಿಯ ಕಾಕಾರು.

"ತಂಗಿ, ರವಿವಾರದ ಕೂಟ ಬ್ಯಾಡಂತ ಆತು. ಸಾರ ಆಕಿನ ಬರಿಲಿ. ಆಕಿಗೆ ನೀ ಒಂದಿಷ್ಟ ಸಮಾಧಾನದಿಂದ ಹೇಳು."

"ಕೇಳಿಸ್ತ್ರಿ ಕಾಕಾರ" ಅಂದಳು ಅವಳು ಪಕ್ಕದಿಂದ. "ಮಗಳ ಮನ್ಯಾಗ ಎಲ್ಲಾರೂ ಆರಾಮದಾರಲ್ರಿ?"

ಆ ಕಡೆಯಿಂದ ಕಾಕಾರ ನಗು ಮೂರು ಓಣಿಗೆ ಕೇಳುವಂತೆ ಬಂತು.

ಅವಳು ಮತ್ತೆ ಕಂಪ್ಯೂಟರಿನ ಕಡೆ ತಿರುಗಿದಳು. ಸರ್ ಉತ್ತರ ಸೇರಿಸಿ ಸಾರವನ್ನು ಹೊಸದಾಗಿ ಬರೆಯಬೇಕು. ಧ್ವನಿಯನ್ನು ತನ್ನ ಓಟಕ್ಕೆ ಏರಿಸಿಕೊಂಡಳು. ನನಗೆ ಅದರಲ್ಲಿ ಒಂದು ಪದವೂ ತಿಳಿಯಲಿಲ್ಲ. ಆದರೂ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿದೆ. ಹೊರಗೆ ಬಿಸಿಲು ಗೋಡೆಯ ಮೇಲಿನ ಅಂಚಿಗೆ ಏರಿತ್ತು. ಸೂರ್ಯ ಮುಳುಗುವುದರೊಳಗೆ ಎಲ್ಲರ ಊಟ ಮುಗಿಯಬೇಕು. ಬಟ್ಟೆಗಳನ್ನು ಮಂಚದ ಮೇಲೆ ಹಾಕಿ, ಅಡಿಗೆಮನೆಗೆ ಹೋಗಿ ಈಳಿಗೆ ಮಣೆ ಇಟ್ಟುಕೊಂಡು ಹೀರೇಕಾಯಿಯ ಏಣು ಹೆರೆಯಲು ಕುಳಿತೆ.